ಸಂವಿಧಾನ ಸಭೆಯಲ್ಲಿದ್ದ ನಮ್ಮೂರ ಪಾದ್ರಿ

ಬಿಜೈ: ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನ ಒಬ್ಬ ಪಾದ್ರಿಯೂ ಇದ್ದರು ಎಂದು ಇಲ್ಲಿಯ ಯುವಜನರ ಕೂಟದಲ್ಲಿ ಹೇಳಿದಾಗ ಹಲವರು ನಂಬಲಿಲ್ಲ. ಅವರೇ ಯೇಸು ಸಭೆಯ ವಂದನೀಯ ಜೆರೋಮ್ ಡಿ'ಸೋಜಾ.

1897ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು ಸಂತ ಅಲೋಶಿಯಸ್ ಕಾಲೇಜಿನಲ್ಲಿ, ಬಳಿಕ ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿ ಕಲಿತರು. ಯಾಜಕರಾದ ಮೇಲೆ ಆ ತಿರುಚಿರಾಪಳ್ಳಿ ಕಾಲೇಜನ್ನೇ ಮುನ್ನಡೆಸಿದರು. 1942ರಿಂದ 1950ರವರೆಗೆ ಮದರಾಸಿನ ಲೊಯೋಲಾ ಕಾಲೇಜಿನ ಪ್ರಾಂಶುಪಾಲರು. ಉತ್ತಮ ವಾಗ್ಮಿ ಎಂಬ ಹೆಸರು ಅವರಿಗಿತ್ತು.

ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಿಂದಲೇ ಅವರು ಸಂವಿಧಾನ ಸಭೆಗೆ ಹೋದರು. ಅಲ್ಲಿ ಕ್ರೈಸ್ತರ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ಶಾಸನಸಭೆಗಳಲ್ಲಿ ಅಲ್ಪಸಂಖ್ಯಾತ ಧರ್ಮೀಯರಿಗೆ ಸ್ಥಾನ ಮೀಸಲಿಡಲು 1947ರಲ್ಲಿ ಸಭೆ ಒಪ್ಪಿತ್ತು. 1949ರ ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಅದನ್ನು ಕೈಬಿಡುವ ಪ್ರಸ್ತಾವ ತಂದರು. ಕೈಯಲ್ಲಿದ್ದುದನ್ನು ಬಿಟ್ಟುಕೊಟ್ಟರೆ ನಾಳೆ ನಮ್ಮ ಪರ ಮಾತನಾಡುವವರು ಯಾರು ಎಂಬ ಅಂಜಿಕೆ ಸಹಜವೇ. ಆದರೂ ವಂ. ಜೆರೋಮ್ ಪ್ರಸ್ತಾವವನ್ನು ಬೆಂಬಲಿಸಿದರು. ಬಂಗಾಳದ ಕ್ರೈಸ್ತ ನಾಯಕ, ಸಭೆಯ ಉಪಾಧ್ಯಕ್ಷ ಎಚ್.ಸಿ. ಮುಖರ್ಜಿಯವರ ನಿಲುವೂ ಅದೇ ಆಗಿತ್ತು. ಮೀಸಲು ಸ್ಥಾನ ಹೋಯಿತು. ಧರ್ಮವನ್ನು ಆಚರಿಸುವ, ಪ್ರಚುರಪಡಿಸುವ ಹಕ್ಕು 25ನೇ ವಿಧಿಯಲ್ಲಿ, ಶಾಲೆ ಕಾಲೇಜು ನಡೆಸುವ ಹಕ್ಕು 30ನೇ ವಿಧಿಯಲ್ಲಿ ಉಳಿಯಿತು. ನಮ್ಮ ಧರ್ಮಪ್ರಾಂತ್ಯದ ಶಾಲೆಗಳು ಇಂದಿಗೂ ಹಿಡಿದಿರುವುದು ಈ 30ನೇ ವಿಧಿಯನ್ನೇ. ಅಂದಿನ ಆ ನಿರ್ಧಾರ ಸರಿಯೇ ಎಂದು ಈಗಲೂ ಕೇಳುವವರಿದ್ದಾರೆ. ಸರಿ ಎಂದೇ ನನ್ನ ಅಭಿಪ್ರಾಯ.

ಪ್ರಧಾನಿ ನೆಹರೂ ಅವರನ್ನು ವಿಶ್ವಸಂಸ್ಥೆಯ ಮಹಾಸಭೆಗೆ ಭಾರತದ ನಿಯೋಗದಲ್ಲಿ ಮತ್ತೆ ಮತ್ತೆ ಕಳುಹಿಸಿದರು: 1949, 1951-52, 1955, 1957. ಇಲ್ಲೊಂದು ಸ್ವಾರಸ್ಯವಿದೆ. 1951ರಲ್ಲಿ ಪಾಕಿಸ್ತಾನದ ಕಾಯಂ ಪ್ರತಿನಿಧಿಯಾಗಿ ಬಂದವರೂ ಕಾಲೇಜಿನ ಮೇಷ್ಟ್ರೇ! ಲಾಹೋರಿನ ಸರಕಾರಿ ಕಾಲೇಜಿನ ಪ್ರಾಂಶುಪಾಲರಾಗಿದ್ದ, ಉರ್ದು ಓದುಗರನ್ನು ನಗಿಸಿದ ಪತರಸ್ ಬುಖಾರಿ. ಎರಡೂ ದೇಶಗಳು ಜಗತ್ತಿನೆದುರು ಮಾತನಾಡಲು ತರಗತಿಯಿಂದಲೇ ಜನರನ್ನು ಆರಿಸಿದ್ದವು.

1951ರಲ್ಲಿ ಪುಣೆಯಲ್ಲಿ ಆರಂಭವಾದ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ಮೊದಲ ನಿರ್ದೇಶಕರೂ ಅವರೇ. 1957ರಿಂದ ಸುಮಾರು ಹತ್ತು ವರ್ಷ ರೋಮಿನಲ್ಲಿ, ಯೇಸು ಸಭೆಯ ಮಹಾಶ್ರೇಷ್ಠರಿಗೆ ಸಹಾಯಕರಾಗಿದ್ದರು. 1977ರಲ್ಲಿ ತೀರಿಕೊಂಡರು. 1963ರಲ್ಲಿ ದೆಹಲಿಗೆ ಸ್ಥಳಾಂತರಗೊಂಡ ಆ ಸಂಸ್ಥೆ ಈಗಲೂ ಲೋಧಿ ರಸ್ತೆಯಲ್ಲಿ ಕೆಲಸ ಮಾಡುತ್ತಿದೆ.