ಸುರುಳಿಯ ಸುತ್ತು ಅಳೆದ ವಾನ್ ಮಾನೆನ್

ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ಪೀನ ಮಸೂರದ ಪ್ರಯೋಗ ಮಾಡಿಸಿದೆ. ಸಂಗಮ ದೂರ 10 ಸೆಂ.ಮೀ. ಬರುತ್ತದೆ ಎಂದು ಮೊದಲೇ ಹೇಳಿಬಿಟ್ಟೆ. ಎಲ್ಲ ಗುಂಪುಗಳಿಗೂ ಹತ್ತೇ ಬಂತು. ಒಬ್ಬ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಮಾತ್ರ 11.4 ಎಂದು ಬರೆದು ಅಳಿಸಿದ ಗುರುತಿತ್ತು. ಸಂಜೆ ನಾನೇ ಅಳೆದು ನೋಡಿದೆ. 11ರ ಮೇಲೆಯೇ ಬಂತು. ಆಗ ನೆನಪಾದವರು ಖಗೋಳ ವಿಜ್ಞಾನಿ ಏಡ್ರಿಯಾನ್ ವಾನ್ ಮಾನೆನ್.

ಇವರು 1884ರಲ್ಲಿ ನೆದರ್ಲೆಂಡ್ಸ್‌ನ ಸ್ನೀಕ್ ಎಂಬ ಊರಿನಲ್ಲಿ ಜನಿಸಿದರು. ಯುಟ್ರೆಕ್ಟ್‌ನಲ್ಲಿ ಓದಿ ಅಮೆರಿಕಕ್ಕೆ ಹೋದರು. 1912ರಿಂದ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ದುಡಿದರು. ಛಾಯಾಚಿತ್ರ ಫಲಕಗಳ ಮೇಲೆ ನಕ್ಷತ್ರಗಳ ಸ್ಥಾನ ಅಳೆಯುವುದರಲ್ಲಿ ನುರಿತವರು. 1917ರಲ್ಲಿ ಅವರು ಗುರುತಿಸಿದ ಒಂದು ಶ್ವೇತಕುಬ್ಜ ನಕ್ಷತ್ರಕ್ಕೆ ಇಂದಿಗೂ ಅವರದೇ ಹೆಸರು.

1916ರಲ್ಲಿ ಅವರು ಎಂ101 ಎಂಬ ಸುರುಳಿ ನೀಹಾರಿಕೆಯ ಚಿತ್ರಗಳನ್ನು ಹೋಲಿಸಿದರು. ಚಿತ್ರಗಳು ಕೆಲವು ವರ್ಷಗಳ ಅಂತರದಲ್ಲಿ ತೆಗೆದವು. ಸುರುಳಿ ಸುಮಾರು 85,000 ವರ್ಷಗಳಿಗೊಮ್ಮೆ ಸುತ್ತುತ್ತದೆ ಎಂದು ಲೆಕ್ಕ ಬಂತು. ಅಷ್ಟು ಬೇಗ ಸುತ್ತುವ ವಸ್ತು ಬಹಳ ದೂರದಲ್ಲಿದ್ದರೆ ಅದರ ಅಂಚು ಬೆಳಕಿಗಿಂತ ವೇಗವಾಗಿ ಓಡಬೇಕು, ಅದು ಅಸಾಧ್ಯ. ಆದ್ದರಿಂದ ಸುರುಳಿಗಳು ದೂರದ ಬೇರೆ ಗ್ಯಾಲಕ್ಸಿಗಳಲ್ಲ ಎಂದು ಅವರ ಗೆಳೆಯ ಹಾರ್ಲೋ ಶಾಪ್ಲಿ 1920ರ ಪ್ರಸಿದ್ಧ ಚರ್ಚೆಯಲ್ಲಿ ವಾದಿಸಿದರು.

ಆದರೆ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಸೆಫೀಡ್ ನಕ್ಷತ್ರಗಳನ್ನು ಗುರುತಿಸಿ, ಅದು ನಮ್ಮ ಕ್ಷೀರಪಥದ ಆಚೆಗಿದೆ ಎಂದು ತೋರಿಸಿದರು. 1935ರಲ್ಲಿ ಸುರುಳಿಗಳನ್ನು ಮತ್ತೆ ಅಳೆದಾಗ ಹೇಳಿದ್ದ ಸುತ್ತು ಕಾಣಲಿಲ್ಲ. ಸುರುಳಿಗಳು ಸುತ್ತುವುದು ನಿಜ. ಆದರೆ ಕೆಲವು ವರ್ಷಗಳ ಚಿತ್ರಗಳಲ್ಲಿ ಅಂದಿನ ಉಪಕರಣಕ್ಕೆ ಸಿಗುವಷ್ಟಲ್ಲ. ಅದನ್ನು ಬೆಳಕಿನ ರೋಹಿತದಿಂದ ಅಳೆಯಬೇಕು. ನಮ್ಮತ್ತ ಬರುವ ಅಂಚಿನ ರೇಖೆಗಳು ನೀಲಿಯ ಕಡೆಗೆ, ದೂರ ಸರಿಯುವ ಅಂಚಿನವು ಕೆಂಪಿನ ಕಡೆಗೆ ವಾಲುತ್ತವೆ. ವೆಸ್ಟೊ ಸ್ಲೈಫರ್ 1914ರಲ್ಲೇ ಸೊಂಬ್ರೆರೊ ಗ್ಯಾಲಕ್ಸಿಯಲ್ಲಿ ಇದನ್ನು ಕಂಡಿದ್ದರು. ನಮ್ಮ ಸೂರ್ಯನಿಗೆ ಕ್ಷೀರಪಥವನ್ನು ಒಮ್ಮೆ ಸುತ್ತಲು 20 ಕೋಟಿಗೂ ಹೆಚ್ಚು ವರ್ಷ ಬೇಕು.

ಅದೇ ವರ್ಷ ವಾನ್ ಮಾನೆನ್ ತಾವೂ ಮತ್ತೆ ಅಳೆದು, ಹಳೆಯ ಫಲಿತಾಂಶಗಳನ್ನು ಎಚ್ಚರದಿಂದ ನೋಡಬೇಕೆಂದು ಬರೆದರು. 1946ರಲ್ಲಿ ತೀರಿಕೊಂಡರು.

ನುರಿತ ಕೈಯೂ ತಪ್ಪಬಹುದು; ಮತ್ತೊಬ್ಬರು ಅಳೆದಾಗಲೇ ಅದು ತಿಳಿಯುವುದು. ನನ್ನ ತರಗತಿಯಲ್ಲಿ ಹಾಗೆ ಅಳೆದವಳ ಸಂಖ್ಯೆಯನ್ನು ನನ್ನ ಮಾತೇ ಅಳಿಸಿತ್ತು. ಮರುದಿನ ಎಲ್ಲರೆದುರು ತಪ್ಪು ಒಪ್ಪಿಕೊಂಡು, ಅವಳಿಂದ 11.4 ಅನ್ನು ಕಪ್ಪುಹಲಗೆಯ ಮೇಲೆ ಬರೆಸಿದೆ. ಉಳಿದ ಗುಂಪುಗಳು ಮಸೂರವನ್ನು ಮತ್ತೆ ಕೈಗೆತ್ತಿಕೊಂಡವು.