ಒಂದೇ ಮೂತ್ರಪಿಂಡದಿಂದ ಮನುಷ್ಯನು ಬದುಕಬಲ್ಲನೆ? ಡಾಕ್ಟರ್ ಗುಸ್ತಾಫ್ ಸೀಮೋನರ ಚರಿತ್ರೆ

ಕ್ಯಾನ್ಸರು ತಗುಲಿದ ಮೂತ್ರಪಿಂಡವನ್ನು ತೆಗೆದುಹಾಕಿಸಿಕೊಂಡು, ಉಳಿದ ಇನ್ನೊಂದರಿಂದಲೇ ಕಚೇರಿಯ ಕೆಲಸವನ್ನೋ ವ್ಯಾಪಾರವನ್ನೋ ನಡೆಸಿಕೊಂಡು ಬಹುಕಾಲ ಬಾಳುವವರು ಈಗ ಎಲ್ಲ ದೊಡ್ಡ ಊರುಗಳಲ್ಲಿಯೂ ಉಂಟು. ರೋಗವು ಪಿಂಡವನ್ನು ದಾಟಿ ಹರಡದಿರುವಾಗ ಶಸ್ತ್ರಚಿಕಿತ್ಸೆಯೇ ಅದಕ್ಕೆ ಮುಖ್ಯವಾದ ಚಿಕಿತ್ಸೆ. ಇಂದು ಇದರಲ್ಲಿ ಯಾರಿಗೂ ಆಶ್ಚರ್ಯ ತೋರುವುದಿಲ್ಲ. ಆದರೆ 1869ನೆಯ ಇಸವಿಗೆ ಮುಂಚೆ, ತಾನು ಮಾಡುತ್ತಿರುವುದೇನೆಂದು ಮೊದಲೇ ನಿಶ್ಚಯಿಸಿಕೊಂಡು ಮನುಷ್ಯನ ಮೂತ್ರಪಿಂಡವನ್ನು ತೆಗೆದು ಆ ರೋಗಿಯನ್ನು ಬದುಕಿಸಿಕೊಂಡ ವೈದ್ಯನು ಇರಲಿಲ್ಲ. ಆ ಕೆಲಸವನ್ನು ಮೊದಲು ಮಾಡಿದವರು ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದ ಗುಸ್ತಾಫ್ ಸೀಮೋನರು.

ಆಗಿನ ವೈದ್ಯರ ಅಂಜಿಕೆಯು ನಿಷ್ಕಾರಣವಾದುದಲ್ಲ. ರಕ್ತದಲ್ಲಿ ಸೇರಿದ ಕಲ್ಮಷವನ್ನು ಸೋಸಿ ಹೊರಕ್ಕೆ ಕಳುಹಿಸುವ ಕೆಲಸವು ಮೂತ್ರಪಿಂಡಗಳದು. ಅದು ನಿಂತರೆ ದೇಹವು ತನ್ನ ನಂಜಿನಿಂದಲೇ ಕೆಲವು ದಿನಗಳಲ್ಲಿ ಅಳಿಯುತ್ತದೆ. ಎರಡರಲ್ಲಿ ಒಂದನ್ನು ಏಕಾಏಕಿ ತೆಗೆದರೆ, ಉಳಿದುದು ಇಮ್ಮಡಿ ಭಾರವನ್ನು ಹೊರಬಲ್ಲುದೋ ಇಲ್ಲವೋ ಎಂಬುದನ್ನು ಹೇಳುವವರಾರು? ಹುಟ್ಟಿನಿಂದಲೇ ಒಂದು ಪಿಂಡವುಳ್ಳವರು ಇದ್ದರೆಂಬುದು ಶವಪರೀಕ್ಷೆಗಳಿಂದ ತಿಳಿದಿದ್ದಿತು. ಆದರೆ ಹುಟ್ಟಿನಿಂದ ಒಂದಕ್ಕೇ ಒಗ್ಗಿಹೋದ ದೇಹದ ಮಾತು ಬೇರೆ, ನಡುವಯಸ್ಸಿನಲ್ಲಿ ಒಂದನ್ನು ಕಳೆದುಕೊಂಡ ದೇಹದ ಮಾತು ಬೇರೆ. 1861ರಲ್ಲಿ ಅಮೆರಿಕದ ಮಿಲ್ವಾಕಿ ಊರಿನ ಡಾಕ್ಟರ್ ಎರಾಸ್ಟಸ್ ವೂಲ್ಕಾಟರು ಯಕೃತ್ತಿನ ಗೆಡ್ಡೆಯೆಂದು ಭಾವಿಸಿ ಹೊಟ್ಟೆಯನ್ನು ಸೀಳಿದರು. ಹೊರಬಂದುದು ಗೆಡ್ಡೆಗಟ್ಟಿದ ಮೂತ್ರಪಿಂಡ! ರೋಗಿಯು ಹದಿನೈದು ದಿನ ಮಾತ್ರ ಬದುಕಿದನು. ಅಂಡಾಶಯದ ಗೆಡ್ಡೆಯೆಂದು ಭ್ರಮಿಸಿ ಮೂತ್ರಪಿಂಡವನ್ನು ತೆಗೆದ ನಿದರ್ಶನಗಳೂ ಉಂಟು. ಇವೆಲ್ಲವೂ ಕತ್ತಲಲ್ಲಿ ತಡವರಿಸಿದ ಕೈಗಳ ಕೆಲಸ. ಇವುಗಳಿಂದ ಭಯವು ಹೆಚ್ಚಿತೇ ಹೊರತು ತಿಳಿವು ಹೆಚ್ಚಲಿಲ್ಲ.

ಸೀಮೋನರು 1824ನೆಯ ಮೇ ತಿಂಗಳ 30ರಂದು ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಜನಿಸಿದರು. ಗೀಸೆನ್ ಮತ್ತು ಹೈಡೆಲ್‌ಬರ್ಗ್‌ಗಳಲ್ಲಿ ವ್ಯಾಸಂಗಮಾಡಿ 1848ರಲ್ಲಿ ವೈದ್ಯ ಪದವಿಯನ್ನು ಪಡೆದು, ಹುಟ್ಟೂರಿನಲ್ಲಿಯೇ ಸೇನಾವೈದ್ಯರಾದರು. ಗುಂಡಿನ ಗಾಯಗಳನ್ನು ಕುರಿತು ಮೊದಲ ಗ್ರಂಥವನ್ನು ಬರೆದುದು ಆ ಕಾಲದಲ್ಲಿ. ದಂಡಿನ ವೈದ್ಯರಾಗಿಯೇ ಅವರು ಉಳಿದುಬಿಡಬಹುದಾಗಿತ್ತು. 1851-52ರಲ್ಲಿ ಪ್ಯಾರಿಸ್ಸಿಗೆ ಹೋಗಿಬಂದುದರಿಂದ ಅವರ ಜೀವನದ ದಿಕ್ಕು ಬದಲಾಯಿತು.

ಹೆರಿಗೆಯು ದಿನಗಟ್ಟಲೆ ತಡೆದು ನಿಂತರೆ, ಮಗುವಿನ ತಲೆಯ ಒತ್ತಡದಿಂದ ಮೂತ್ರಕೋಶದ ಗೋಡೆಯು ನಶಿಸಿ ರಂಧ್ರಬೀಳುವುದುಂಟು. ಆ ಬಳಿಕ ಹೆಂಗಸಿಗೆ ಹಗಲಿರುಳೂ ಮೂತ್ರವು ತಾನೇ ತಾನಾಗಿ ಸೋರುತ್ತದೆ. ಪ್ರಾಣವು ಹೋಗುವುದಿಲ್ಲ, ಮಾನವು ಹೋಗುತ್ತದೆ. ಗಂಡನ ಮನೆಯವರೂ ಅಂಥವಳನ್ನು ದೂರವಿಡುವರು. ಹೆರಿಗೆಯ ಕಾಲಕ್ಕೆ ನೆರವು ದೊರೆಯದ ನಾಡುಗಳಲ್ಲಿ ಈ ಸಂಕಟವು ಇಂದಿಗೂ ತೊಲಗಿಲ್ಲ. ಪ್ಯಾರಿಸ್ಸಿನಲ್ಲಿ ಜೋಬೇರ್ ದ ಲಾಂಬಾಲ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು ಇಂಥ ರಂಧ್ರಗಳನ್ನು ಹೊಲಿದು ಮುಚ್ಚುವುದನ್ನು ಸೀಮೋನರು ಕಂಡರು. ಊರಿಗೆ ಹಿಂದಿರುಗಿ ಅದನ್ನೇ ತಮ್ಮ ವಿಷಯವನ್ನಾಗಿ ಹಿಡಿದು, ಹೊಲಿಗೆಯ ಕ್ರಮವನ್ನು ತಿದ್ದಿ, 1854ರಲ್ಲಿ ಆ ಬಗ್ಗೆ ಪುಸ್ತಕವನ್ನು ಪ್ರಕಟಿಸಿದರು. ದೊಡ್ಡ ಶಸ್ತ್ರವೈದ್ಯರು ಮುಟ್ಟಲು ಹೇಸುತ್ತಿದ್ದ ರೋಗದಿಂದಲೇ ಅವರಿಗೆ ಕೀರ್ತಿ ಬಂದುದು ಗಮನಿಸತಕ್ಕ ವಿಷಯ. 1861ರಲ್ಲಿ ರೋಸ್ಟಾಕ್ ವಿಶ್ವವಿದ್ಯಾನಿಲಯವೂ 1867ರಲ್ಲಿ ಹೈಡೆಲ್‌ಬರ್ಗೂ ಅವರನ್ನು ಪ್ರೊಫೆಸರಾಗಿ ಕರೆದುಕೊಂಡವು.

ಹೈಡೆಲ್‌ಬರ್ಗಿಗೆ ಅವರನ್ನು ಹುಡುಕಿಕೊಂಡು ಬಂದ ರೋಗಿಗಳಲ್ಲಿ 46 ವರ್ಷದ ಒಬ್ಬ ಹೆಂಗಸಿದ್ದಳು. ಅಂಡಾಶಯದ ಗೆಡ್ಡೆಯನ್ನು ಬೇರೊಬ್ಬ ವೈದ್ಯರು ತೆಗೆದಿದ್ದರು. ಗೆಡ್ಡೆಯೇನೋ ಹೋಯಿತು, ಆದರೆ ಆ ಶಸ್ತ್ರಕ್ರಿಯೆಯಲ್ಲಿ ಮೂತ್ರನಾಳಗಳಲ್ಲೊಂದು ಕೆಟ್ಟು, ಆ ಕಡೆಯ ಪಿಂಡದ ಮೂತ್ರವೆಲ್ಲವೂ ಮೂತ್ರಕೋಶವನ್ನು ಸೇರದೆ ಗಾಯದ ದಾರಿಯಿಂದ ಸುರಿಯತೊಡಗಿತು. ಸೀಮೋನರು ತಮಗೆ ತಿಳಿದ ವಿದ್ಯೆಯನ್ನೆಲ್ಲ ಪ್ರಯೋಗಿಸಿ ಮತ್ತೆ ಮತ್ತೆ ಮುಚ್ಚಲು ಯತ್ನಿಸಿದರು. ಒಂದೂ ಫಲಿಸಲಿಲ್ಲ.

ಇನ್ನು ಉಳಿದುದು ಒಂದೇ ಉಪಾಯ. ಬುಗ್ಗೆಯನ್ನೇ ತೆಗೆದುಬಿಟ್ಟರೆ ನೀರು ಹರಿಯುವುದೆಲ್ಲಿಂದ? ಆದರೆ ಈ ಉಪಾಯದಲ್ಲಿ ಅಡಗಿದ್ದ ಧರ್ಮಸಂಕಟವು ಸಾಮಾನ್ಯವಾದುದಲ್ಲ. ಕೆಟ್ಟಿದ್ದುದು ನಾಳವೇ ಹೊರತು ಪಿಂಡವಲ್ಲ. ಅದು ಆರೋಗ್ಯವಾದ ಅಂಗ. ಆಕೆಯು ಸಾಯುವ ಸ್ಥಿತಿಯಲ್ಲಿಯೂ ಇರಲಿಲ್ಲ. ಕಷ್ಟದಿಂದಾದರೂ ಬದುಕಿದ್ದ ಹೆಂಗಸನ್ನು, ಆಕೆಯ ಕಷ್ಟವನ್ನು ಕಳೆಯುವೆನೆಂದು ಹೊರಟು ಕೊಂದಂತಾದರೆ ಆ ಹೊಣೆಯನ್ನು ಹೊರುವವರಾರು? ಧೈರ್ಯಶಾಲಿಗಳೆಂದು ಹೆಸರಾದ ಶಸ್ತ್ರವೈದ್ಯರು ಆ ಕಾಲದಲ್ಲಿ ಬಹುಮಂದಿ ಇದ್ದರು. ಅವರಲ್ಲಿ ಕೆಲವರಾದರೂ ಆ ಕೂಡಲೇ ಕತ್ತಿಯನ್ನು ಹಿಡಿಯುತ್ತಿದ್ದರೆಂದು ನಮಗೆ ತೋರುತ್ತದೆ. ಸೀಮೋನರು ಹಿಡಿಯಲಿಲ್ಲ.

ಅವರು ಮೊದಲು ನಾಯಿಗಳ ಮೇಲೆ ಪರೀಕ್ಷೆ ನಡೆಸಿದರು. ಒಂದು ಪಿಂಡವನ್ನು ತೆಗೆದ ಬಳಿಕ ಪ್ರಾಣಿಯು ಎಷ್ಟು ಮೂತ್ರವನ್ನು ವಿಸರ್ಜಿಸುತ್ತದೆ, ಅದರಲ್ಲಿ ಕಲ್ಮಷಗಳು ಮುಂಚಿನಷ್ಟೇ ಹೊರಬೀಳುತ್ತವೆಯೆ ಎಂಬುದನ್ನು ನೋಡಿದರು. ಗಾಯ ಮಾಯ್ದ ನಾಯಿಗಳು ಎಂದಿನಂತೆ ತಿಂದು ಓಡಾಡಿಕೊಂಡಿದ್ದುವು. ಉಳಿದ ಪಿಂಡವು ಕ್ರಮೇಣ ಗಾತ್ರದಲ್ಲಿ ಬೆಳೆದು ಎರಡರ ಕೆಲಸವನ್ನೂ ವಹಿಸಿಕೊಳ್ಳುತ್ತಿತ್ತು. ಮೂಕಪ್ರಾಣಿಗಳನ್ನು ಹೀಗೆ ಬಳಸುವುದು ಸರಿಯೆ ಎಂಬ ಪ್ರಶ್ನೆಯು ನಮ್ಮ ವಾಚಕರಲ್ಲಿ ಕೆಲವರಿಗೆ ತೋರದೆ ಇರದು. ಅದು ಸಣ್ಣ ಪ್ರಶ್ನೆಯೂ ಅಲ್ಲ. ಆ ಪರೀಕ್ಷೆಯನ್ನು ಮಾಡದೆ ಇದ್ದಿದ್ದರೆ ಮೊದಲ ಪರೀಕ್ಷೆಯು ಆ ಹೆಂಗಸಿನ ಮೇಲೆಯೇ ನಡೆಯುತ್ತಿತ್ತೆಂಬುದನ್ನು ಮಾತ್ರ ಇಲ್ಲಿ ಹೇಳಬೇಕಾಗಿದೆ.

ಎರಡನೆಯದಾಗಿ ಶವಗಳ ಮೇಲೆ ಅಭ್ಯಾಸ. ಹೊಟ್ಟೆಯ ಒಳಪೊರೆಯನ್ನು ಸೀಳಿದರೆ ನಂಜೇರಿ ರೋಗಿಯು ಸಾಯುವ ಭಯವು ಆಗ ಬಹಳವಾಗಿದ್ದಿತು. ಆದುದರಿಂದ ಸೊಂಟದ ಹಿಂಬದಿಯಿಂದ ಕೊಯ್ದು, ಆ ಪೊರೆಯನ್ನು ಮುಟ್ಟದೆ ಪಿಂಡವನ್ನು ತಲುಪುವ ಮಾರ್ಗವನ್ನು ಅವರು ಅಭ್ಯಾಸದಿಂದ ಕೈಗೆ ತಂದುಕೊಂಡರು. ಇನ್ನೊಂದು ಅನುಕೂಲವೂ ಒದಗಿತ್ತು. ಆಕೆಯ ಒಂದು ಪಿಂಡದ ಮೂತ್ರವು ಗಾಯದಿಂದಲೂ ಮತ್ತೊಂದರದು ಸಹಜವಾದ ದಾರಿಯಿಂದಲೂ ಬರುತ್ತಿದ್ದುದರಿಂದ, ಉಳಿಯತಕ್ಕ ಪಿಂಡವು ನೆಟ್ಟಗೆ ಕೆಲಸಮಾಡುತ್ತಿದೆಯೆಂಬುದು ಮುಂಚೆಯೇ ಗೊತ್ತಾಗುವಂತಿತ್ತು. ಆಕೆಯ ಪೀಡೆಯೇ ಈ ವಿಷಯದಲ್ಲಿ ಸಾಕ್ಷಿ ನುಡಿಯಿತು.

1869ನೆಯ ಆಗಸ್ಟ್ 2ರಂದು ಕ್ಲೋರೋಫಾರಂ ಕೊಟ್ಟು ಶಸ್ತ್ರಕ್ರಿಯೆಯನ್ನು ನಡೆಸಿದರು. ಅದು ಸುಮಾರು 40 ನಿಮಿಷಗಳಲ್ಲಿ ಮುಗಿಯಿತು. ರಕ್ತವು ಹೆಚ್ಚಾಗಿ ಹೋಗಲಿಲ್ಲ. ಕಠಿನವಾದುದು ಆ ಮೇಲಿನ ದಿನಗಳು. ವಾಂತಿಯೂ ಜ್ವರವೂ ಕಾಣಿಸಿಕೊಂಡವು, ಗಾಯವು ಕೀವುಗಟ್ಟಿತು. ಗಾಯದ ನಂಜನ್ನು ತಡೆಯುವ ಲಿಸ್ಟರರ ಕ್ರಮವು ಪ್ರಕಟವಾಗಿ ಆಗ ಎರಡು ವರ್ಷಗಳಷ್ಟೇ ಆಗಿದ್ದಿತು; ಅದಿನ್ನೂ ಎಲ್ಲೆಡೆ ನೆಲೆಯೂರಿರಲಿಲ್ಲ. ಆದರೆ ಎಲ್ಲರೂ ಹೆದರಿದ್ದ ಮೂತ್ರಾವರೋಧವು ಬರಲಿಲ್ಲ. ಉಳಿದ ಪಿಂಡವು ತನ್ನ ಕೆಲಸವನ್ನು ಬಿಡಲಿಲ್ಲ. ತಿಂಗಳುಗಳ ಆರೈಕೆಯ ಬಳಿಕ ಆ ಹೆಂಗಸು ಒಣಗಿದ ಬಟ್ಟೆಯನ್ನುಟ್ಟು ಆಸ್ಪತ್ರೆಯಿಂದ ಮನೆಗೆ ಹೊರಟಳು.

ಮರುವರ್ಷವೇ ಫ್ರಾನ್ಸಿಗೂ ಜರ್ಮನಿಗೂ ಯುದ್ಧವು ಹತ್ತಿತು. ಸೀಮೋನರು ಬಾಡೆನ್ ಸೀಮೆಯ ಸೇನಾ ಆಸ್ಪತ್ರೆಗಳ ಮೇಲ್ವಿಚಾರಣೆಗೆ ಹೋಗಬೇಕಾಯಿತು. 1871ರಲ್ಲಿ ಕಲ್ಲುಗಟ್ಟಿದ ಪಿಂಡವೊಂದನ್ನು ತೆಗೆದರು. ಈ ಸಲ ಗಾಯದ ನಂಜಿನಿಂದ ರೋಗಿಯು ಉಳಿಯಲಿಲ್ಲ. ಅದೇ ವರ್ಷ ಮೂತ್ರಪಿಂಡಗಳ ಶಸ್ತ್ರಚಿಕಿತ್ಸೆಯನ್ನು ಕುರಿತ ಅವರ ಮಹಾಗ್ರಂಥದ ಮೊದಲ ಭಾಗವು ಹೊರಬಂದಿತು.

ಆದರೆ ಅವರ ಮನಸ್ಸು ಆಗಲೇ ಮುಂದಿನ ತೊಡಕಿನ ಕಡೆಗೆ ಹರಿದಿದ್ದಿತು. ಮೊದಲ ರೋಗಿಯಲ್ಲಿ ಎರಡು ಪಿಂಡಗಳ ಮೂತ್ರವೂ ದೈವಯೋಗದಿಂದ ಬೇರೆಬೇರೆಯಾಗಿ ಸಿಕ್ಕಿತ್ತು. ಮಿಕ್ಕ ರೋಗಿಗಳಲ್ಲಿ ಎರಡೂ ಮೂತ್ರಕೋಶದಲ್ಲಿ ಕಲೆತುಹೋಗುತ್ತವೆ. ಮೂತ್ರದಲ್ಲಿ ರಕ್ತವೋ ಕೀವೋ ಕಂಡರೆ ಅದು ಬಂದುದು ಎಡಗಡೆಯಿಂದಲೋ, ಬಲಗಡೆಯಿಂದಲೋ, ಮೂತ್ರಕೋಶದ ಗೆಡ್ಡೆಯಿಂದಲೋ? ಇದನ್ನು ತಿಳಿಯದೆ ಕತ್ತಿ ಹಿಡಿದರೆ ಒಳ್ಳೆಯ ಪಿಂಡವನ್ನು ತೆಗೆದು ಕೆಟ್ಟುದನ್ನು ಉಳಿಸಿದಂತಾಗಬಹುದು. ಸೀಮೋನರು ಹೆಂಗಸರಲ್ಲಿ ಮೂತ್ರದ್ವಾರವನ್ನು ಹಿಗ್ಗಿಸಿ, ಬೆರಳಿನಿಂದ ಮೂತ್ರಕೋಶದ ಒಳಮೈಯನ್ನು ಮುಟ್ಟಿನೋಡಿ, ಒಂದೊಂದು ಮೂತ್ರನಾಳದೊಳಕ್ಕೂ ಪ್ರತ್ಯೇಕವಾಗಿ ಸಣ್ಣ ಕೊಳವೆಯನ್ನು ತೂರಿಸುವ ಕ್ರಮವನ್ನು ಬಳಕೆಗೆ ತಂದರು. ಕಣ್ಣಿಗೆ ಕಾಣದುದನ್ನು ಬೆರಳಿನಿಂದ ನೋಡಿದುದೆಂದೇ ಹೇಳಬೇಕು. ಗ್ರಂಥದ ಎರಡನೆಯ ಭಾಗವು 1876ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್ 28ರಂದು, ಹೃದಯದ ಮಹಾಧಮನಿಯು ಉಬ್ಬಿದ ರೋಗದಿಂದ, 52ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಬೆರಳಿನಿಂದ ಮಾಡಿದುದನ್ನು ಕಣ್ಣಿನಿಂದ ಮಾಡುವ ಕಾಲವು ದೂರವಿರಲಿಲ್ಲ. 1879ರ ವೇಳೆಗೆ ಮ್ಯಾಕ್ಸ್ ನಿಟ್ಜೆ ಎಂಬ ಜರ್ಮನ್ ವೈದ್ಯರು ದೀಪವನ್ನು ಅಳವಡಿಸಿದ ನಳಿಗೆಯಿಂದ ಮೂತ್ರಕೋಶದ ಒಳಗನ್ನು ಕಂಡರು. ಮೂತ್ರಕೋಶದ ಕ್ಯಾನ್ಸರನ್ನು ಗುರುತಿಸುವುದಕ್ಕೆ ಇಂದಿಗೂ ಅಂಥ ನಳಿಗೆಯೇ ಆಧಾರ. ಸೀಮೋನರ ಪೀಠಕ್ಕೆ 1877ರಲ್ಲಿ ಬಂದ ವಿನ್ಸೆಂಟ್ಸ್ ಚೆರ್ನಿಯವರು ಹತ್ತು ವರ್ಷಗಳ ತರುವಾಯ, ಗೆಡ್ಡೆಯಿದ್ದ ಭಾಗವನ್ನಷ್ಟೇ ಕೊಯ್ದು ಮಿಕ್ಕ ಪಿಂಡವನ್ನು ಉಳಿಸಿದರು. 1906ರಲ್ಲಿ ಹೈಡೆಲ್‌ಬರ್ಗಿನಲ್ಲಿ ಕ್ಯಾನ್ಸರ್ ಸಂಶೋಧನಾಲಯವನ್ನು ಸ್ಥಾಪಿಸಿದವರೂ ಅವರೇ. ಕೆನಡಾದ ಚಾರ್ಲ್ಸ್ ರಾಬ್ಸನ್ನರು 1963ರಲ್ಲಿ, ಪಿಂಡದೊಡನೆ ಸುತ್ತಲಿನ ಕೊಬ್ಬನ್ನೂ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯುವ ಕ್ರಮವನ್ನು ಪ್ರಚುರಪಡಿಸಿದರು. ಬಹುಕಾಲ ಅದೇ ರೂಢಿಯಲ್ಲಿದ್ದಿತು. ಈಚೆಗೆ ಗೆಡ್ಡೆಯು ಚಿಕ್ಕದಾಗಿದ್ದರೆ ಚೆರ್ನಿಯವರ ದಾರಿಗೇ ವೈದ್ಯರು ಮರಳಿದ್ದಾರೆ.

1954ನೆಯ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ, ಡಾಕ್ಟರ್ ಜೋಸೆಫ್ ಮರೆಯವರು ಅವಳಿ ಸೋದರರಲ್ಲಿ ಆರೋಗ್ಯವಂತನಿಂದ ತೆಗೆದ ಒಂದು ಪಿಂಡವನ್ನು ರೋಗಿಯಾದವನಿಗೆ ಜೋಡಿಸಿದರು. ಕೊಟ್ಟವನು ಉಳಿದ ಒಂದರಿಂದ ಬದುಕಬಲ್ಲನೆ ಎಂದು ಆ ದಿನ ಯಾರೂ ನಾಯಿಗಳ ಮೇಲೆ ಪರೀಕ್ಷಿಸಿ ನೋಡಬೇಕಾಗಿರಲಿಲ್ಲ.