ಗ್ರಂಥಾಚಾರ್ಯ ಎಸ್. ಆರ್. ರಂಗನಾಥನ್

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಖಾಡಿಯಾಚೆಯ ನವಿ ಮುಂಬಯಿಯಲ್ಲಿಯೂ ನೆಲಸಿರುವ ಕನ್ನಡ ಬಾಂಧವರ ಮನೆಗಳಲ್ಲಿ ವಿಜ್ಞಾನದ ಸಂಶೋಧನೆ ಮಾಡುವ ಮಗನೋ ಮಗಳೋ ಸೊಸೆಯೋ ಇರುವುದು ಈಗ ಅಪರೂಪವಲ್ಲ. ಅವರು ಎಷ್ಟು ಪ್ರಬಂಧ ಪ್ರಕಟಿಸಿದರು, ಅವನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬ ಲೆಕ್ಕದ ಮೇಲೆ ಅವರ ನೌಕರಿ, ಬಡ್ತಿಗಳು ನಿಂತಿವೆ. ದೇಶದೇಶಗಳನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ. ವಿದ್ಯೆಯ ವ್ಯವಹಾರವನ್ನು ಅಂಕಿಗಳಲ್ಲಿ ಅಳೆಯುವ ಈ ಶಾಸ್ತ್ರಕ್ಕೆ ನಮ್ಮ ನಾಡಿನಲ್ಲಿ ಮೊದಲು ಹೆಸರಿಟ್ಟವರು, ಕನ್ನಡನಾಡಿನಲ್ಲಿ ಹುಟ್ಟದಿದ್ದರೂ ಮೊದಲ ಅಧ್ಯಾಪಕವೃತ್ತಿಯನ್ನು ಮಂಗಳೂರಿನಲ್ಲಿ ಹಿಡಿದು, ಕೊನೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಶಿಯಾಳಿ ರಾಮಾಮೃತ ರಂಗನಾಥನ್ ಅವರು.

ಇವರು ಹುಟ್ಟಿದ್ದು 1892ರ ಆಗಸ್ಟಿನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಬಾಲ್ಯದಲ್ಲಿ ಮಾತು ತೊದಲುತ್ತಿದ್ದಿತು. ಆ ತೊದಲನ್ನು ಗೆದ್ದುಕೊಂಡು ಮುಂದೆ ಉಪಾಧ್ಯಾಯರೇ ಆದರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮುಗಿಸಿ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜನ್ನು ಸೇರಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದಿತಾದ್ದರಿಂದ ಮದರಾಸಿನ ಹುಡುಗನಿಗೆ ಅದು ಹೊರನಾಡೇನೂ ಆಗಿರಲಿಲ್ಲ. ಆದರೂ ಮಾತು ಬೇರೆ, ಊಟ ಬೇರೆ. ಆ ಅನುಭವ ಎಂತಹುದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1924ರ ಜನವರಿಯಲ್ಲಿ ಇವರು ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲರಾದರು. ತರಗತಿಯ ಗಲಗಲದಲ್ಲಿ ಬೆಳೆದ ಅಧ್ಯಾಪಕನಿಗೆ ಪುಸ್ತಕಗಳ ನಡುವಿನ ಆ ಮೌನ ಸಹಿಸದಾಯಿತು. ಹಳೆಯ ಕೆಲಸಕ್ಕೇ ಕಳುಹಿಸಿರೆಂದು ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಬೇಕು, ಆ ಮೇಲೂ ಬೇಸರವಿದ್ದರೆ ಕಾಲೇಜಿಗೆ ಮರಳಬಹುದು ಎಂದು ವಿಶ್ವವಿದ್ಯಾನಿಲಯದವರು ಒಪ್ಪಿಸಿದರು. ಲಂಡನ್ನಿನಲ್ಲಿ ಓದುತ್ತ ಆ ದೇಶದ ನೂರಕ್ಕೂ ಮಿಕ್ಕಿದ ಗ್ರಂಥಾಲಯಗಳನ್ನು ನೋಡಿದರು. ಕಾರ್ಖಾನೆಯ ಕೂಲಿಯವರೂ ಮಕ್ಕಳೂ ಪುಸ್ತಕ ಒಯ್ಯುವುದನ್ನು ಕಂಡ ಮೇಲೆ ಹಿಂದಿರುಗಿ ಹೋಗುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಅಲ್ಲಿಯ ಒಂದು ದೊಡ್ಡ ಅಂಗಡಿಯಲ್ಲಿ, ಬಿಡಿಬಿಡಿಯಾದ ಪಟ್ಟಿಗಳನ್ನು ತಿರುಪುಗಳಿಂದ ಸೇರಿಸಿ ಬಗೆಬಗೆಯ ಆಟಿಕೆ ಕಟ್ಟುವ ಮೆಕ್ಯಾನೋ ಪೆಟ್ಟಿಗೆಯನ್ನು ಕಂಡರು. ಜ್ಞಾನವನ್ನೂ ಹೀಗೆಯೇ ಬಿಡಿಭಾಗಗಳಿಂದ ಕಟ್ಟಬಹುದಲ್ಲವೆ ಎಂಬ ಯೋಚನೆ ಅಲ್ಲಿ ಹುಟ್ಟಿತು. ಅದೇ 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಗ್ರಂಥವಾಗಿ ಹೊರಬಂದಿತು. ಅದಕ್ಕೆ ಎರಡು ವರ್ಷ ಮುಂಚೆ, 1931ರಲ್ಲಿ, ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳ ಪುಸ್ತಕ ಬಂದಿದ್ದಿತು. ಪುಸ್ತಕವಿರುವುದು ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕಲ್ಲ, ಓದುವವನ ಹೊತ್ತನ್ನು ಹಾಳುಮಾಡಬಾರದು ಎಂಬ, ಕೇಳಿದರೆ ಇಷ್ಟೇನೇ ಎನ್ನಿಸುವ ಮಾತುಗಳೇ ಅವು. ಕಪಾಟಿನ ಬಳಿಗೆ ಓದುಗರನ್ನೇ ಬಿಡುತ್ತಿರಲಿಲ್ಲವಾದ ಆ ಕಾಲದಲ್ಲಿ ಅವು ಸಣ್ಣ ಮಾತಾಗಿರಲಿಲ್ಲ.

ಮದರಾಸಿನಲ್ಲಿ ಇಪ್ಪತ್ತು ವರ್ಷ ದುಡಿದು, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ವರ್ಗೀಕರಿಸಿ, 1947ರಲ್ಲಿ ದೆಹಲಿಗೆ ಬಂದರು. ನಮ್ಮ ವಿಷಯಕ್ಕೆ ಮುಖ್ಯವಾದುದು ಇಲ್ಲಿಂದ ಮುಂದಿನ ಕಥೆ. 1948ರಲ್ಲಿ ಇಂಗ್ಲೆಂಡಿನ ಲೀಮಿಂಗ್ಟನ್ ಸ್ಪಾ ಊರಿನಲ್ಲಿ ಸೇರಿದ ಆಸ್ಲಿಬ್ ಸಮ್ಮೇಳನದಲ್ಲಿ ಗ್ರಂಥಾಲಯದ ಕೆಲಸಗಳನ್ನು ಸಂಖ್ಯಾಶಾಸ್ತ್ರದಿಂದ ಅಳೆಯುವ ವಿದ್ಯೆಯೊಂದು ಬೇಕೆಂದು ಹೇಳಿ, ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟರು. ಗಣಿತದ ಮೇಷ್ಟರು ಎಲ್ಲಿಗೆ ಹೋದರೂ ಗಣಿತವನ್ನು ಬಿಡಲಿಲ್ಲ! ಇಂಗ್ಲೆಂಡಿನಲ್ಲಿ ಬಿಬ್ಲಿಯೊಮೆಟ್ರಿಕ್ಸ್ ಎಂಬ ಹೆಸರೂ ರಷ್ಯಾದಲ್ಲಿ ವಿಜ್ಞಾನಮಾಪನ ಎಂಬರ್ಥದ ಹೆಸರೂ ಚಲಾವಣೆಗೆ ಬಂದದ್ದು 1969ರಲ್ಲಿ, ಎಂದರೆ ಇಪ್ಪತ್ತೊಂದು ವರ್ಷಗಳ ತರುವಾಯ.

ಆದರೆ ಎಣಿಸುವುದಕ್ಕಿಂತ ಮೊದಲು ಎಣಿಸುವಂತಹುದು ಹುಟ್ಟಬೇಕಷ್ಟೆ. ಬಡದೇಶದ ವಿಜ್ಞಾನಿಗೆ ಬುದ್ಧಿ ಕಡಮೆಯಲ್ಲ. ಜರ್ಮನಿಯಲ್ಲೋ ಅಮೆರಿಕದಲ್ಲೋ ಹೋದ ವರ್ಷ ಏನು ನಡೆಯಿತೆಂಬುದು ಅವನ ಕೈಗೆ ಸಿಕ್ಕುವುದಿಲ್ಲ. ಅವರು ಮಾಡಿ ಮುಗಿಸಿದ್ದನ್ನು ಇವನು ಹೊಸದೆಂದು ಮತ್ತೆ ಮಾಡುತ್ತಾನೆ. ಈ ಕೊರತೆಯನ್ನು ತುಂಬಲು ಯುನೆಸ್ಕೋ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಇನ್ಸ್‌ಡಾಕ್ ಎಂಬ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಅದರ ಹಿಂದೆ ರಂಗನಾಥನ್ನರ ಒತ್ತಾಸೆಯಿದ್ದಿತು. ಬೇಕಾದ ಪ್ರಬಂಧದ ಛಾಯಾಪ್ರತಿ ತೆಗೆದು, ಪರಭಾಷೆಯದಾದರೆ ಅನುವಾದಿಸಿ ವಿಜ್ಞಾನಿಗಳಿಗೆ ಒದಗಿಸುವುದು ಅದರ ಕೆಲಸ. ನಮ್ಮವರೇ ಬರೆದ ಪ್ರಬಂಧಗಳ ಸಾರಾಂಶಗಳ ಪತ್ರಿಕೆಯನ್ನೂ ಅದು 1965ರಿಂದ ಹೊರಡಿಸಿತು.

ಕೆಲವು ಕಾಲ ಜ್ಯೂರಿಚ್‌ನಲ್ಲಿದ್ದು 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿದರು. ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯಶಾಸ್ತ್ರದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟಿದ್ದರು. ಆ ಕಾಲದ ಒಂದು ಲಕ್ಷ! ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವನ್ನು ತೆರೆದರು. ಪ್ರಯೋಗಾಲಯಗಳಿಗೂ ಕಾರ್ಖಾನೆಗಳಿಗೂ ಬೇಕಾದ ಗ್ರಂಥಪಾಲರನ್ನು ಅದು ಇಂದಿಗೂ ತಯಾರಿಸುತ್ತಿದೆ. ಮೈಸೂರು ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿಗೂ ಅವರ ಆಲೋಚನೆಯೇ ಆಧಾರ. ಊರಿಗೆ ಹೋದಾಗ ನಾವು ಕಾಣುವ ಜಿಲ್ಲಾ ಗ್ರಂಥಾಲಯಗಳು ನಡೆಯುವುದು ಈ ಕಾನೂನಿನ ಮೇಲೆಯೇ. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ಮಾಡಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಅವರು ತೀರಿಕೊಂಡ ಮರುವರ್ಷದ ಲೆಕ್ಕ ಕೌತುಕವಾದುದು. ಅಮೆರಿಕದ ಯೂಜಿನ್ ಗಾರ್ಫೀಲ್ಡ್ ಅವರ ಉಲ್ಲೇಖ ಸೂಚಿಯಲ್ಲಿ 1973ರ ಪ್ರಬಂಧಗಳನ್ನು ಎಣಿಸಿದಾಗ ಹಿಂದುಳಿದ ದೇಶಗಳೆಲ್ಲ ಸೇರಿ ಬರೆದುದರಲ್ಲಿ ಸುಮಾರು ಅರ್ಧ ಭಾರತದ್ದೇ ಆಗಿದ್ದಿತು. ಅದೇ ಸೂಚಿಯ ಪ್ರಕಾರ 1980ರಲ್ಲಿ ಭಾರತದ ಪ್ರಬಂಧಗಳು 14,983, ಚೀನದವು ಕೇವಲ 924. 2000ದಲ್ಲಿ ನಮ್ಮವು 12,127ಕ್ಕೆ ಇಳಿದಿದ್ದವು. ಚೀನದವು 22,061ಕ್ಕೆ ಏರಿದ್ದವು. ಮೊಲ ಮಲಗಿದ್ದಿತೋ ಆಮೆ ಓಡಿತೋ ಎಂದು ವಿದ್ವಾಂಸರು ಬಹಳ ಚರ್ಚಿಸಿದರು. ಅನಂತರ ನಾವೂ ಎದ್ದೆವೆನ್ನಬೇಕು: ಈಚಿನ ಗಣನೆಗಳಲ್ಲಿ ಪ್ರಬಂಧಗಳ ಸಂಖ್ಯೆಯಲ್ಲಿ ಚೀನ, ಅಮೆರಿಕಗಳ ಬಳಿಕ ಮೂರನೆಯ ಸ್ಥಾನ ಭಾರತದ್ದು. ಸಂಖ್ಯೆಯೊಂದನ್ನೇ ನೋಡಿ ಹಿಗ್ಗುವುದು ನನಗೆ ಸರಿತೋರದು. ಉಲ್ಲೇಖಗಳ ಲೆಕ್ಕದಲ್ಲಿ ನಾವು ಅಷ್ಟು ಮುಂದಿಲ್ಲ.

ತಕ್ಕಡಿ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು. ಫಿಲಡೆಲ್ಫಿಯಾದಲ್ಲಿ ತಯಾರಾಗುತ್ತಿದ್ದ ಸೂಚಿಯಲ್ಲಿ ನಮ್ಮ ಪತ್ರಿಕೆಗಳಿಗೆ ಸಿಕ್ಕ ಎಡೆ ಬಹಳ ಕಡಮೆ. ರಾಗಿಯ ತಳಿಯ ಮೇಲೋ ಮಲೆನಾಡಿನ ಮಂಗನ ಕಾಯಿಲೆಯ ಮೇಲೋ ಬರೆದು ನಮ್ಮ ದೇಶದ ಸಣ್ಣ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ ಪ್ರಬಂಧ ರೈತನಿಗೂ ರೋಗಿಗೂ ಎಷ್ಟು ಉಪಯೋಗವಾದರೂ ಆ ಪಟ್ಟಿಗೆ ಬಾರದಿದ್ದರೆ ಅದು ಬರೆದಂತೆಯೇ ಅಲ್ಲ. ಬ್ರೆಜಿಲ್ ದೇಶದವರು ಇದಕ್ಕೆ ಗೊಣಗುತ್ತ ಕೂಡಲಿಲ್ಲ. ಸೀಯೆಲೊ ಎಂಬ ತಮ್ಮದೇ ಸೂಚಿಯನ್ನು 1998ರಿಂದ ನಡೆಸಿ, ಲ್ಯಾಟಿನ್ ಅಮೆರಿಕದ ಪತ್ರಿಕೆಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಮಾಡಿದರು. ಕಪಾಟಿನ ಬೀಗ ತೆಗೆದ ರಂಗನಾಥನ್ನರಿಗೆ ಇದು ಮೆಚ್ಚಾಗುತ್ತಿದ್ದಿತೆಂದು ನಾನು ನಂಬುತ್ತೇನೆ.

ನಮ್ಮ ಸುತ್ತಲೂ ಅವರ ಹೆಜ್ಜೆಗುರುತುಗಳಿಲ್ಲದೆ ಇಲ್ಲ. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದ ಗ್ರಂಥಾಲಯದವರು ಭಾರತದ ವಿಜ್ಞಾನಿಗಳ ಪ್ರಬಂಧಗಳನ್ನು ಎಣಿಸಿ ಅಳೆಯುವ ಕೆಲಸವನ್ನು ಬಹಳ ವರ್ಷ ಮಾಡಿದ್ದಾರೆ. ಪರದೇಶದ ಪತ್ರಿಕೆಗಳ ದುಬಾರಿ ಚಂದಾವನ್ನು ಸರ್ಕಾರವೇ ಒಟ್ಟಾಗಿ ತೆತ್ತು, ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಕಾಲೇಜು, ಪ್ರಯೋಗಾಲಯಗಳಿಗೆ ಒದಗಿಸುವ ಏರ್ಪಾಡು 2025ರ ಜನವರಿಯಲ್ಲಿ ಆರಂಭವಾಯಿತು. ಅದಕ್ಕೆ ಮೂರು ವರ್ಷಕ್ಕೆ ಗೊತ್ತುಮಾಡಿದ ಹಣ 6,000 ಕೋಟಿ ರೂಪಾಯಿ. ಖಾಸಗಿ ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳಿಗೆ ಮೊದಲ ಹಂತದಲ್ಲಿ ಅದರ ಪಾಲು ಸಿಕ್ಕಲಿಲ್ಲ.